ಫುಲ್‌ಮತಿ ಮೌಸಿಯ ಕೊನೆಯ ಬಾತುಕೋಳಿ

ಹರ್ದತ್‌ನ ಆ ಶನಿವಾರದ ಪಾಡಿಗೆಲ್ಲ ಮೂಲ ಒಂದು ಮೂಳೆ. ಅದನ್ನು ಚೀಪಿದವನು ಅವನೂ ಅಲ್ಲ, ಪಕ್ಕದ ಮೇಜಿನ ಕಾರ್ಲ್ಟನ್.

ಶುಕ್ರವಾರ ಮಧ್ಯಾಹ್ನ, ಚಗ್ವಾನಸ್ ಪೇಟೆಯ ನೀರಿನ ಕಚೇರಿ. ಹರ್ದತ್ ತನ್ನ ಊಟದ ಡಬ್ಬಿ ತೆರೆದು, ಸುಟ್ಟ ಬದನೆಕಾಯಿ ಗೊಜ್ಜಿನ ಮುಖ ನೋಡಿ, ಮತ್ತೆ ಮುಚ್ಚಿದ. ಮನೆಯಲ್ಲಿ ಆರು ದಿನದಿಂದ ಉಪವಾಸ. ನಮ್ಮ ಟ್ರಿನಿಡಾಡಿನಲ್ಲಿ ಉಪವಾಸವೆಂದರೆ ಹೊಟ್ಟೆ ಖಾಲಿ ಬಿಡುವುದಲ್ಲ. ಮಾಂಸ, ಮೀನು, ಮೊಟ್ಟೆ, ರಮ್ಮು ಇವುಗಳ ಕಡೆ ತಲೆ ಹಾಕದಿರುವುದು. ಹೊಟ್ಟೆಗೆ ಏನೂ ಕೊರತೆಯಿಲ್ಲ, ನಾಲಿಗೆಯದೇ ಗೋಳು. ಭಾನುವಾರ ಹನುಮಾನ್ ಪೂಜೆ ಮುಗಿಸಿ, ಅಂಗಳದಲ್ಲಿ ಬಿದಿರು ನೆಟ್ಟು ಹನುಮಂತನ ಕೆಂಪು ಬಾವುಟ, ಅಂದರೆ ಝಂಡಿ, ಏರಿಸಿದರೆ ಈ ಗೋಳು ತೀರುತ್ತಿತ್ತು. ಹೋದ ವರ್ಷ ಹರ್ದತ್ ಮಾಡು ಸೋರುತ್ತದೆಂದು ಏಣಿ ಹತ್ತಿ, ಹತ್ತಿದ್ದಕ್ಕಿಂತ ಬೇಗ ಇಳಿದು, ಹದಿಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಆಗ ಹೆಂಡತಿ ಕಲೌತಿ ಹೊತ್ತ ಹರಕೆ ಇದು. ಅಂದರೆ ಪೂಜೆ ಅವನ ಜೀವಕ್ಕಾಗಿ. ಹಾಗಾಗಿ ಗೊಣಗುವ ಹಾಗೂ ಇರಲಿಲ್ಲ.

ಪಕ್ಕದಲ್ಲಿ ಕಾರ್ಲ್ಟನ್ ಬಾತುಕೋಳಿಯ ಮೂಳೆಯೊಂದನ್ನು ಕಣ್ಣು ಮುಚ್ಚಿ ಚೀಪುತ್ತಿದ್ದ.

"ಎಲ್ಲೀದು?" ಹರ್ದತ್ ಕೇಳಬಾರದಿತ್ತು, ಕೇಳಿದ.

"ಇನ್ನೆಲ್ಲೀದು? ಪೆನಾಲ್‌ನ ಫುಲ್‌ಮತಿ ಮೌಸೀದು. ಬೆಳಗ್ಗೆ ಆ ಕಡೆ ಪೈಪ್ ನೋಡೋಕೆ ಹೋಗಿದ್ದೆ. ಚೆನ್ನಾಗಿ ತಿಂದ್ಕೊಂಡು ಬಿಡು ಅಂತ ನನ್ನ ಹೊಟ್ಟೇಗೆ ನಾನೇ ಹೇಳ್ದೆ. ನಾಳೆಗೆ ಮುಗೀತಲ್ಲ."

"ಏನು ಮುಗೀತು?"

"ಅಂಗಡಿ. ಮುದುಕಿ ಮೊಣಕಾಲು ಕೈಕೊಟ್ಟಿದೆ. ಸೋಮವಾರದಿಂದ ಅಲ್ಲಿ ಟೈರ್ ಅಂಗಡಿ ಬರುತ್ತಂತೆ. ನಿಂಗೆ ಗೊತ್ತಿಲ್ವಾ? ನಿಮ್ಮ ಊರಿನವಳೇ ಅಲ್ವಾ ಆಕೆ?"

ಊರಿನವಳೇ. ಬರೀ ಊರಿನವಳಲ್ಲ. ಪೆನಾಲ್ ಪಕ್ಕದ ಬ್ಯಾರಕ್‌ಪೋರು ಹರ್ದತ್ ಹುಟ್ಟಿದೂರು. ಅಲ್ಲಿ ಯಾರ ಮನೆಯ ಮದುವೆಯಿದ್ದರೂ ಒಲೆಯ ಒಂದು ಬದಿಗೆ ಹರ್ದತ್‌ನ ಅಮ್ಮ ಸುಮಿಂತ್ರಾ, ಇನ್ನೊಂದು ಬದಿಗೆ ಊರಿಗೆಲ್ಲ ಮೌಸಿ, ಅಂದರೆ ಚಿಕ್ಕಮ್ಮನಾದ ಫುಲ್‌ಮತಿ. ಯಾರು ಯಾರಿಂದ ಕಲಿತರೋ, ಇಬ್ಬರ ಕೈರುಚಿಯಲ್ಲಿ ವ್ಯತ್ಯಾಸ ಹೇಳಲು ಮದುಮಗನ ಕಡೆಯವರಿಂದಲೂ ಆಗುತ್ತಿರಲಿಲ್ಲ. ಹರ್ದತ್‌ಗೆ ಇಪ್ಪತ್ತಾಗುವ ಮೊದಲೇ ಅಮ್ಮ ತೀರಿಕೊಂಡಳು. ಮನೆ ಮಾರಿ ಉತ್ತರಕ್ಕೆ ಬಂದದ್ದಾಯಿತು. ಮೂವತ್ತಾರು ವರ್ಷದಿಂದ ಅವನು ಎಷ್ಟೋ ಮನೆಯ, ಎಷ್ಟೋ ಹೋಟೆಲಿನ ಬಾತುಕೋಳಿ ಸಾರು ಉಂಡಿದ್ದಾನೆ. ಪ್ರತಿ ಸಲವೂ ಮೊದಲ ತುತ್ತಿಗೆ ಒಂದು ಕ್ಷಣ ಕಾದು, ಇದಲ್ಲ ಅಂದುಕೊಂಡು ಉಳಿದದ್ದನ್ನು ಸುಮ್ಮನೆ ಮುಗಿಸಿದ್ದಾನೆ.

ಫುಲ್‌ಮತಿ ಮೌಸಿ ರೊಟ್ಟಿ ಅಂಗಡಿ ಹಾಕಿದ್ದಾಳೆಂದು ಗೊತ್ತಾದ ಮೇಲೆ ಮೂರು ಸಲ ಹೋಗಿದ್ದ. ಮೊದಲ ಸಲ ಹೋಗುವಷ್ಟರಲ್ಲಿ ಹಂಡೆ ಖಾಲಿ. ಎರಡನೆಯ ಸಲ ದಾರಿಯ ಸೇತುವೆ ನೀರಿನಡಿ. ಮೂರನೆಯ ಸಲ ಬಾಗಿಲಿಗೆ ಬೀಗ, ಮೌಸಿಯ ತಮ್ಮನಿಗೆ ಮೂರನೇ ಮದುವೆ. ಇರಲಿ, ಅಂಗಡಿ ಎಲ್ಲಿಗೆ ಓಡಿಹೋಗುತ್ತೆ ಅಂದುಕೊಂಡಿದ್ದ. ಈಗ ನೋಡಿದರೆ ಓಡಿಯೇ ಹೋಗುತ್ತಿದೆ, ಅದೂ ಉಪವಾಸದ ಏಳನೇ ದಿನ.

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ಉಪಾಯ ಹೊಳೆದಿತ್ತು.

ಶನಿವಾರ ಬೆಳಗ್ಗೆ ಕಲೌತಿಯ ಅಕ್ಕತಂಗಿಯರು, ಅವರ ಗಂಡಂದಿರು, ಮಕ್ಕಳು ಎಲ್ಲರೂ ನಾಳೆಯ ಅಡುಗೆಗೆ ತರಕಾರಿ ಹೆಚ್ಚಲು ಬಂದು ಮನೆ ತುಂಬಿದ್ದರು. ಹರ್ದತ್ ಚಪ್ಪಲಿ ಮೆಟ್ಟಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಆದಷ್ಟು ಮಾಮೂಲಿ ದನಿಯಲ್ಲಿ ಹೇಳಿದ.

"ಝಂಡಿಗೆ ಬಿದಿರು ತರೋಕೆ ಹೋಗಿ ಬರ್ತೀನಿ."

"ಹೊಳೆ ಪಕ್ಕ ಬೇಕಾದಷ್ಟಿದೆಯಲ್ಲ, ಮಧ್ಯಾಹ್ನ ಕಡ್ಕೊಂಡು ಬಂದ್ರಾಯ್ತು," ಎಂದಳು ಕಲೌತಿ.

"ಅದು ಸೊಟ್ಟ. ಪೆನಾಲ್ ಕಡೆ ಬಿದಿರು ನೆಟ್ಟಗಿರುತ್ತೆ."

ಗಂಡನಿಗೆ ದೇವರ ಕೆಲಸದಲ್ಲಿ ಇಷ್ಟು ಶ್ರದ್ಧೆ ಬಂದದ್ದು ಕಂಡು ಕಲೌತಿಯ ಮುಖ ಅರಳಿತು. ಆ ಮುಖ ನೋಡಿ ಹರ್ದತ್‌ನ ಎದೆಯಲ್ಲಿ ಒಂದು ಮುಳ್ಳು ಚುಚ್ಚಿತು. ಆದರೂ ಹೊರಗೆ ಬಂದು ಫೋನು ಆಫ್ ಮಾಡಿ ಜೇಬಿಗಿಟ್ಟ. ಮೊದಲು ಮೌಸಿಯ ಅಂಗಡಿ, ಬರುವಾಗ ಯಾವುದಾದರೂ ರಸ್ತೆ ಬದಿಯಲ್ಲಿ ಒಂದು ಬಿದಿರು. ಯಾರಿಗೂ ತಿಳಿಯುವುದಿಲ್ಲ.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯುತ್ತದೆ ಅನ್ನುತ್ತಾರೆ. ಹರ್ದತ್‌ನ ವಿಷಯದಲ್ಲಿ ದೈವಕ್ಕೆ ಅಷ್ಟು ಕೆಲಸವಿರಲಿಲ್ಲ, ಬೇಲಿಯಾಚೆಯ ಜಗ್ರೂಪ್ ಸಾಕಾಗಿದ್ದ. ಈ ಜಗ್ರೂಪ್‌ಗೆ ಒಂದು ಹಳೆಯ ಪಿಕಪ್ ವ್ಯಾನು, ಇಡೀ ಕೇರಿಯ ಸಮಾಚಾರ, ಮತ್ತು ಯಾರೂ ಕೇಳದಿದ್ದರೂ ಉಪಕಾರ ಮಾಡುವ ಬುದ್ಧಿ ಇದ್ದವು.

"ಭಾಯ್, ಪೆನಾಲ್‌ಗಾ? ನಾನೂ ಆ ಕಡೆಗೇ. ನಮ್ಮಕ್ಕನ ಮನೇಗೆ ಈ ಹಳೇ ಫ್ರಿಜ್ ಇಳಿಸ್ಬೇಕು. ಹತ್ತು, ಹತ್ತು."

"ಬೇಡಪ್ಪ, ನಾನು ಮ್ಯಾಕ್ಸಿ ಟ್ಯಾಕ್ಸಿಯಲ್ಲಿ ಹೋಗ್ತೀನಿ."

"ಇಪ್ಪತ್ತಡಿ ಬಿದಿರನ್ನ ಮ್ಯಾಕ್ಸಿ ಟ್ಯಾಕ್ಸಿಯೋನು ಮಡಿಲಲ್ಲಿ ಇಟ್ಕೊಂಡು ಬರ್ತಾನಾ? ಹತ್ತು ಅಂದ್ನಲ್ಲ."

ಹರ್ದತ್ ಹತ್ತಿದ.

ದಾರಿಯುದ್ದಕ್ಕೂ ಜಗ್ರೂಪ್ ಮಾತಾಡಿದ, ಹರ್ದತ್ ಗಡಿಯಾರ ನೋಡಿದ. ಡೆಬೆ ದಾಟಿ ಪೆನಾಲ್ ಸೇರುತ್ತಲೇ ಜಗ್ರೂಪ್ ವ್ಯಾನನ್ನು ನೇರ ಒಂದು ಬಿದಿರು ಮೆಳೆಯ ಹತ್ತಿರ ನಿಲ್ಲಿಸಿ, ಮಚ್ಚು ತೆಗೆದು, ಅರ್ಧ ಗಂಟೆ ಆರಿಸಿ, ಅಲ್ಲಿದ್ದುದರಲ್ಲೇ ಅತಿ ಉದ್ದದ ಬಿದಿರನ್ನು ಕಡಿದ. ತುದಿಯಲ್ಲಿ ಎಲೆಯ ಗೊಂಚಲಿದ್ದ, ಬಾಣದಂಥ ಹಸಿ ಬಿದಿರು. ಬ್ಯಾರಕ್‌ಪೋರಿನಲ್ಲಿ ಹುಟ್ಟಿದ ಹರ್ದತ್‌ಗೇ ಅದರ ಮೇಲೆ ಗೌರವ ಬಂತು.

"ಫ್ರಿಜ್ ಇಳಿಸೋವರೆಗೂ ವ್ಯಾನಲ್ಲಿ ಜಾಗ ಇಲ್ಲ," ಎಂದ ಜಗ್ರೂಪ್. "ನೀನು ಈ ಮಾವಿನ ಮರದ ಕೆಳಗೆ ಇರು. ಒಂದೂವರೆ ಗಂಟೇಲಿ ಬಂದೆ. ಮತ್ತೆ ಬಿದಿರನ್ನ ನೆಲಕ್ಕೆ ಹಾಕ್ಬೇಡ. ಯಾರಾದ್ರೂ ದಾಟಿಬಿಟ್ರೆ ಝಂಡಿಗೆ ಆಗಲ್ಲ. ಕಲೌತಿ ಭೌಜಿ ನನ್ನನ್ನೇ ಕೇಳ್ತಾಳೆ."

ವ್ಯಾನು ತಿರುವಿನಲ್ಲಿ ಮರೆಯಾಯಿತು. ಮೌಸಿಯ ಅಂಗಡಿ ಅಲ್ಲಿಂದ ಒಂದು ಮೈಲಿ. ಬಿದಿರನ್ನು ಬಿಟ್ಟು ಹೋಗುವ ಹಾಗಿಲ್ಲ, ಹೋಗದೆ ಇರುವ ಹಾಗಿಲ್ಲ. ಹರ್ದತ್ ಇಪ್ಪತ್ತಡಿ ಬಿದಿರನ್ನು ಹೆಗಲಿಗೇರಿಸಿ ಹೊರಟ.

ಹೆಗಲ ಮೇಲೆ ಇಪ್ಪತ್ತಡಿ ಇದ್ದವನು ತನ್ನ ಮುಂದಿನ ಹತ್ತಡಿಯನ್ನಷ್ಟೇ ಕಾಣುತ್ತಾನೆ. ಹಿಂದಿನ ಹತ್ತಡಿ ಮೊದಲ ತಿರುವಿನಲ್ಲೇ ಒಬ್ಬ ಮುದುಕನ ಟೋಪಿಯನ್ನು ಚರಂಡಿಗೆ ಹಾಕಿತು. ಎರಡನೆಯ ತಿರುವಿನಲ್ಲಿ ಯಾರದೋ ಅಂಗಳದ ಬಟ್ಟೆ ತಂತಿಗೆ ಸಿಕ್ಕಿ ಬಿಡಿಸಿಕೊಂಡಿತು. ಅಲ್ಲಿಂದ ಮುಂದೆ ಎದುರು ಬಂದವರೆಲ್ಲ ಹರ್ದತ್‌ಗೆ ಕೈಮುಗಿದು "ಸೀತಾರಾಮ್" ಅಂದು, ಆಮೇಲೆ ಅವನ ಹಿಂದೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಕೊನೆಗೆ ಸೈಕಲ್ಲಿನ ಮೇಲಿದ್ದ ಒಬ್ಬಾತ ನಿಲ್ಲಿಸಿ ಕೇಳಿದ. "ಅಂಕಲ್, ಬಿಳಿ ಝಂಡಿ ಸತ್ಯನಾರಾಯಣಂದು ಅಲ್ವಾ? ಇದಕ್ಕೆ ಲೇಸ್ ಯಾಕಿದೆ?"

ಹರ್ದತ್ ತಿರುಗಿ ನೋಡಿದ. ಬಿದಿರಿನ ಹಿಂತುದಿಯಲ್ಲಿ ಯಾವಳೋ ಹೆಂಗಸಿನ ಒಳಲಂಗ ಗಾಳಿಗೆ ಹಾರಾಡುತ್ತಿತ್ತು. ಅದರ ಹಿಂದೆ ಐವತ್ತು ಗಜ ದೂರದಲ್ಲಿ ಲಂಗದ ಒಡತಿ ಒಂದು ಪೊರಕೆಯೊಂದಿಗೆ ಬರುತ್ತಿದ್ದಳು. ಅವನು ಅದನ್ನು ಬಿಡಿಸಿ ಬೇಲಿಯ ಮೇಲೆ ಗೌರವದಿಂದ ಹರಡಿ, ಬಿದಿರು ಹೊತ್ತವನಿಗೆ ಸಾಧ್ಯವಾದಷ್ಟು ವೇಗದಲ್ಲಿ ಮುಂದೆ ನಡೆದ.

ಮೌಸಿಯ ಅಂಗಡಿಯ ವಾಸನೆ ಅಂಗಡಿಗಿಂತ ಮೊದಲು ಸಿಕ್ಕಿತು. ಹುರಿದ ಜೀರಿಗೆ, ಬೆಳ್ಳುಳ್ಳಿ, ಸೌದೆ ಹೊಗೆ, ಕಾದ ಕಾವಲಿಯ ಮೇಲೆ ತುಪ್ಪ ಸವರಿದ ದಾಲ್‌ಪೂರಿ. ಮರದ ಸೌಟಿನಲ್ಲಿ ಬಡಿದು ಬಡಿದು ಚಿಂದಿ ಮಾಡುವ ರೊಟ್ಟಿಯ ಟಪಟಪ ಸದ್ದು. ಹರ್ದತ್‌ನ ಕಾಲು ತಾನಾಗಿ ನಿಂತಿತು. ಈ ವಾಸನೆ ಅವನು ಬಿಟ್ಟುಬಂದ ಮನೆಯದು. ಮೂವತ್ತಾರು ವರ್ಷ ಅದು ಎಲ್ಲಿತ್ತೋ, ಈಗ ರಸ್ತೆಯ ಮಧ್ಯದಲ್ಲಿ ಎದುರಾಗಿತ್ತು.

ಸಾಲು ರಸ್ತೆಯವರೆಗೂ ಇತ್ತು. ಬಿದಿರು ಹಿಡಿದು ಹೋದರೆ ಕೆಲಸ ಕೆಡುತ್ತದೆಂದು ಅವನಿಗೆ ಗೊತ್ತು. ಝಂಡಿಯ ಬಿದಿರು ಹಿಡಿದವನು ಉಪವಾಸದಲ್ಲಿದ್ದಾನೆಂದು ಈ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಆದ್ದರಿಂದ ಅದನ್ನು ಆಚೆಯ ವಿದ್ಯುತ್ ಕಂಬಕ್ಕೆ ಒರಗಿಸಿ, ಏನೂ ಅರಿಯದವನಂತೆ ಬಂದು ಸಾಲಿನಲ್ಲಿ ನಿಂತ.

ಎರಡು ನಿಮಿಷವೂ ಆಗಿರಲಿಲ್ಲ. ನೀಲಿ ಟೋಪಿಯ ದಪ್ಪ ಮನುಷ್ಯನೊಬ್ಬ ಬಿದಿರನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು, ಮೆರವಣಿಗೆ ಬಂದಂತೆ ಬಂದ.

"ಅಂಕಲ್, ನಿಮ್ದೇ ಅಲ್ವಾ ಇದು? ಕಂಬದ ಹತ್ರ ನಾಯಿ ಬರ್ತಿತ್ತು. ನಾಯಿ ಕಾಲೆತ್ತಿದ್ರೆ ಪೂಜೆಗೆ ಆಗುತ್ತಾ? ಹಿಡ್ಕೊಳಿ."

ಹರ್ದತ್ ಹಿಡಿದುಕೊಂಡ. ನೀಲಿ ಟೋಪಿ ಅವನ ಹಿಂದೆಯೇ ನಿಂತ. ಇಡೀ ಸಾಲು ತಿರುಗಿ ನೋಡಿತು.

"ಪೂಜೆ ಯಾವತ್ತು?" ಮುಂದಿದ್ದ ಒಬ್ಬಳು ಕೇಳಿದಳು.

"ನಾಳೆ."

"ಮತ್ತೆ ಇಲ್ಲಿ?"

"ಬೇರೆಯವರಿಗೆ ತಗೊಂಡು ಹೋಗೋಕೆ. ಪಕ್ಕದ ಮನೆಯೋರಿಗೆ."

"ಒಂದು ಕೈಲಿ ಝಂಡಿ ಬಿದಿರು, ಇನ್ನೊಂದು ಕೈಲಿ ಬಾತುಕೋಳಿ?" ಎಂದಳು ಆಕೆ. "ಆ ಪಕ್ಕದ ಮನೆಯೋನಿಗೆ ಕಾಲಿಲ್ವಾ?"

ಇದ್ದವು, ಅದೇ ತೊಂದರೆಯಾದದ್ದು. ಸಾಲಿನಲ್ಲಿ ಚರ್ಚೆ ಶುರುವಾಯಿತು. ಉಪವಾಸದವನು ಮಾಂಸ ಹೊರಬಹುದು, ನೋಡಬಾರದು ಅಂದವರು ಕೆಲವರು. ನೋಡಬಹುದು, ಮೂಸಬಾರದು ಅಂದವರು ಕೆಲವರು. ತನ್ನ ಅಜ್ಜ ಮೂಸಿದ್ದಕ್ಕೇ ಪೂಜೆಯ ಮಧ್ಯೆ ಹಲ್ಲುನೋವು ಬಂತೆಂದು ಒಬ್ಬ ಪ್ರಮಾಣ ಮಾಡಿದ. ಹರ್ದತ್ ಇವರೆಲ್ಲರ ಮಧ್ಯೆ ಬಿದಿರು ಹಿಡಿದು ದೇವಸ್ಥಾನದ ಧ್ವಜಸ್ತಂಭದಂತೆ ನಿಂತಿದ್ದ. ಅವನ ಎಣಿಕೆಯೆಲ್ಲ ಒಂದೇ: ಮುಂದೆ ಹನ್ನೊಂದು ಜನ. ಹಂಡೆಯ ತಳಕ್ಕೆ ಸೌಟು ತಾಗುವ ಸದ್ದು ಇನ್ನೂ ಕೇಳಿಸಿಲ್ಲ.

ಆರು ಜನ ಉಳಿದಾಗ ಅಂಗಡಿಯ ಫೋನು ರಿಂಗಾಯಿತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮೌಸಿಯ ಸೊಸೆ ಎತ್ತಿಕೊಂಡಳು. "ಹೂಂ. ಎಷ್ಟು? ಹದಿನಾಲ್ಕಾ? ಎಲ್ಲ ಬಾತುಕೋಳೀನೇನಾ? ಹಿಂದಿನ ಗೇಟಿಗೆ ಬಂದು ತಗೊಂಡು ಹೋಗ್ಲಿ." ಫೋನು ಇಟ್ಟು ಸಾಲಿನ ಕಡೆ ಕೂಗಿ ಹೇಳಿದಳು. "ಹಿಂದೆ ನಿಂತೋರು ಬೇಜಾರು ಮಾಡ್ಕೋಬೇಡಿ. ಬಾತುಕೋಳಿ ಇನ್ನು ಐದಾರು ಜನಕ್ಕಷ್ಟೇ."

ಸಾಲು ನರಳಿತು. ಹದಿನಾಲ್ಕು ರೊಟ್ಟಿಯನ್ನು ಕೂತಲ್ಲಿಂದ ಫೋನಿನಲ್ಲಿ ಬಾಚಿಕೊಳ್ಳುವ ಆ ಹೊಟ್ಟೆಬಾಕ ಮನೆ ಯಾವುದೋ, ಅವರಿಗೆ ಅಜೀರ್ಣವಾಗಲಿ ಎಂದು ಹರ್ದತ್ ಮನಸ್ಸಿನಲ್ಲೇ ಶಪಿಸಿದ. ಹನುಮಂತನ ಬಿದಿರು ಹಿಡಿದು ಶಪಿಸಬಾರದೆಂದು ನೆನಪಾಗಿ, ಸಣ್ಣ ಅಜೀರ್ಣ ಸಾಕು ಎಂದು ತಿದ್ದಿಕೊಂಡ.

ಅವನ ಸರದಿ ಬಂದಾಗ ಸೌಟು ಹಂಡೆಯ ತಳಕ್ಕೆ ತಾಗಿ ಸದ್ದಾಯಿತು. ಅದೇ ಹೊತ್ತಿಗೆ ಒಳಗಿನಿಂದ ಕುಂಟುತ್ತ ಒಬ್ಬ ಮುದುಕಿ ಬಂದಳು. ತಲೆಗೆ ಬಿಳಿ ಓಢನಿ, ಕೈಗೆ ಹಿಟ್ಟು. ಅವಳು ಬಿದಿರನ್ನು ಬುಡದಿಂದ ತುದಿಯವರೆಗೆ ನೋಡಿ, ಆಮೇಲೆ ಅದನ್ನು ಹಿಡಿದವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಸುಮಿಂತ್ರಾ ಮಗ ಅಲ್ವಾ ನೀನು?"

"ಹೌದು ಮೌಸಿ."

"ಕಿವಿ ನೋಡಿ ಹೇಳ್ದೆ. ನಿಮ್ಮಪ್ಪಂದೂ ಇದೇ ಕಿವಿ. ಜೋರಾಗಿ ಗಾಳಿ ಬೀಸಿದ್ರೆ ನನ್ನ ಗಂಡ ಹಾರಿಹೋಗ್ತಾನೆ ಅಂತ ನಿಮ್ಮಮ್ಮ ನಗೋಳು." ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇಷ್ಟು ವರ್ಷ ಎಲ್ಲಿದ್ಯೋ?"

"ಬಂದಿದ್ದೆ ಮೌಸಿ. ಮೂರು ಸಲ ಬಂದಿದ್ದೆ."

"ಅಂಗಡಿ ಮುಚ್ಚೋ ದಿವಸ ಬಂದ್ಯಾ. ಬಾತುಕೋಳಿಗಾ?"

ಹರ್ದತ್ ಹಂಡೆಯ ಕಡೆ ನೋಡಿದ. ಮೌಸಿ ಗದ್ದದಿಂದಲೇ ಬಿದಿರನ್ನು ತೋರಿಸಿದಳು.

"ಹರಕೆ ಯಾರದ್ದು?"

"ಹೆಂಡ್ತೀದು."

"ಯಾರಿಗೋಸ್ಕರ?"

"ನನಗೋಸ್ಕರಾನೇ. ಏಣಿಯಿಂದ ಬಿದ್ದಿದ್ದೆ."

ಮೌಸಿ ಸೌಟು ತೆಗೆದುಕೊಂಡು ಹಂಡೆಯನ್ನು ಓರೆ ಮಾಡಿದಳು. ಒಂದು ತಟ್ಟೆಗಾಗುವಷ್ಟು ಉಳಿದಿತ್ತು. ದಪ್ಪ ಕಂದು ಸಾರು, ಅದರಲ್ಲಿ ಒಂದು ತೊಡೆ, ಎರಡು ಕತ್ತಿನ ತುಂಡು.

"ನಾನು ಪಂಡಿತಳಲ್ಲಪ್ಪ, ಅಡುಗೆಯವಳು," ಎಂದಳು. "ಕೇಳಿದ್ರೆ ಬಡಿಸ್ತೀನಿ. ಬಾಯಿ ನಿಂದು, ಬೇಟಾ. ಕೇಳ್ಬೇಕಾದವನೂ ನೀನೇ."

ಸಾಲಿನವರೆಲ್ಲ ಕತ್ತು ಚಾಚಿದರು. ಹರ್ದತ್ ಆ ತೊಡೆಯನ್ನು ನೋಡಿದ. ಮೂವತ್ತಾರು ವರ್ಷ ಹುಡುಕಿದ್ದು ಒಂದು ಮೊಳ ದೂರದಲ್ಲಿತ್ತು. ಸೋಮವಾರದಿಂದ ಇಲ್ಲಿ ಟೈರಿರುತ್ತದೆ, ಆಮೇಲೆ ಸಾಯುವವರೆಗೂ ಇದು ಸಿಕ್ಕುವುದಿಲ್ಲ. ಕೇಳಿಬಿಡು, ಕೇಳಿಬಿಡು ಎಂದು ನಾಲಿಗೆ ಹಲ್ಲಿನ ಹಿಂದೆ ಕುಣಿಯಿತು. ಆದರೆ ಆಸ್ಪತ್ರೆಯ ಹದಿಮೂರು ದಿನ ಸ್ಟೂಲಿನ ಮೇಲೆ ಕೂತು ನಿದ್ದೆ ಮಾಡಿದವಳ ಮುಖ ನೆನಪಾಯಿತು. ಇವತ್ತು ಬೆಳಗ್ಗೆ ಅವನ ಸುಳ್ಳಿಗೆ ಅರಳಿದ್ದೂ ಅದೇ ಮುಖ. ಹರ್ದತ್ ಬಾಯಿ ತೆರೆದ.

"ಕುಂಬಳಕಾಯಿ ಇದೆಯಾ ಮೌಸಿ?"

"ಹಾಗಾದ್ರೆ ಆ ತಟ್ಟೆ ನಂದು," ಎಂದ ಹಿಂದಿನಿಂದ ನೀಲಿ ಟೋಪಿ. ಮಾತು ಮುಗಿಯುವ ಮೊದಲೇ ತಟ್ಟೆ ಅವನ ಕೈಲಿತ್ತು.

ಮೌಸಿ ಹರ್ದತ್‌ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಿದಿರನ್ನು ಅಂಗಡಿಯ ಸೂರಿಗೆ ಕಟ್ಟಿಸಿದಳು. ಅಡುಗೆಮನೆಯಲ್ಲಿ, ಹಿಂಬಾಗಿಲಿನ ಪಕ್ಕದ ಮಣೆಯ ಮೇಲೆ ಅವನನ್ನು ಕೂರಿಸಿ, ಎಲೆಯೊಂದನ್ನು ಹಾಸಿ, ಬಿಸಿ ದಾಲ್‌ಪೂರಿ ಬಡಿಸಿದಳು. ಬೆಲ್ಲ ಹಾಕದ ಹೋಳಿಗೆಯ ಹಾಗೆ ಮೆತ್ತಗಿನ, ಒಳಗೆ ಬೇಳೆಪುಡಿ ತುಂಬಿದ ರೊಟ್ಟಿ. ಉಪವಾಸದವರಿಗೆಂದು ಬೇರೆ ಒಲೆಯ ಮೇಲಿಟ್ಟಿದ್ದ ಕಬ್ಬಿಣದ ಬಾಣಲೆಯಿಂದ ಕುಂಬಳಕಾಯಿ ಪಲ್ಯ ತೆಗೆದಳು. ಕೊನೆಗೆ ಸೌಟಿನ ಅಂಚಿನಿಂದ ಬಾಣಲೆಯ ತಳವನ್ನು ಗರಗರ ಕೆರೆದು, ಸೀದ ಪದರವನ್ನೂ ಎಲೆಗೆ ಹಾಕಿದಳು.

ಹರ್ದತ್ ಆಸೆಯಿಲ್ಲದೆ ಒಂದು ತುತ್ತು ಬಾಯಿಗಿಟ್ಟ. ಎಂದಿನಂತೆ ಒಂದು ಕ್ಷಣ ಕಾದ.

ಇದೇ.

ಅಮ್ಮ ಬಾತುಕೋಳಿ ಮಾಡುತ್ತಿದ್ದದ್ದು ವರ್ಷಕ್ಕೆ ಎರಡು ಸಲ. ಕಬ್ಬು ಕಡಿಯುವುದು ಮುಗಿದ ದಿನ, ಮತ್ತೆ ಕ್ರಿಸ್‌ಮಸ್ಸಿಗೆ. ಉಳಿದ ದಿನವೆಲ್ಲ ಮನೆಯಲ್ಲಿ ಹಿತ್ತಿಲ ಕುಂಬಳಕಾಯಿಯೇ. ಹೀಗೇ ಬೇಕೆಂದೇ ತಳ ಹಿಡಿಸಿ, ಹೀಗೇ ಗರಗರ ಕೆರೆದು, ಆ ಸೀದದ್ದನ್ನು ಅವನಿಗೇ ಬಡಿಸುತ್ತಿದ್ದಳು. ಇವತ್ತೂ ಕುಂಬಳಕಾಯಿಯಾ ಎಂದು ಅವನು ದಿನವೂ ಮುಖ ಸಿಂಡರಿಸುತ್ತಿದ್ದ. ಇಷ್ಟು ವರ್ಷ ಅವನು ಹುಡುಕಿದ್ದು ತಪ್ಪು ಪಾತ್ರೆಯಲ್ಲಿ. ಹರ್ದತ್‌ಗೆ ಅಳು ತಡೆಯಲಾಗಲಿಲ್ಲ. ಐವತ್ತೈದು ದಾಟಿದ ಗುಮಾಸ್ತ, ಮಣೆಯ ಮೇಲೆ ಕೂತು, ಕಣ್ಣು ಮೂಗು ಎರಡೂ ಸುರಿಸುತ್ತ, ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ತಿಂದ. ಮೌಸಿ ಏನೂ ಕೇಳದೆ ಮತ್ತೆ ಮತ್ತೆ ಬಾಣಲೆ ಕೆರೆದಳು. ಹಿಂಬಾಗಿಲ ಆಚೆ ಯಾರೋ ಬಂದು, ಒಂದು ದೊಡ್ಡ ಪೆಟ್ಟಿಗೆ ತೆಗೆದುಕೊಂಡು ಹೋದದ್ದನ್ನು ಅವನು ಗಮನಿಸಲಿಲ್ಲ.

ಮಾವಿನ ಮರದ ಕೆಳಗೆ ಬಿದಿರಿನೊಂದಿಗೆ ಹೋಗಿ ನಿಂತ ಹತ್ತು ನಿಮಿಷಕ್ಕೆ ಜಗ್ರೂಪ್ ಬಂದ. ಬರುವಾಗಲೇ ತುಟಿ ಬಿಗಿಹಿಡಿದಿದ್ದ.

"ಬೇಜಾರಾಯ್ತಾ ಭಾಯ್, ಒಬ್ನೇ ನಿಂತು?"

"ಇಲ್ಲಪ್ಪ."

"ಇಲ್ಲ ಅಂತ ಮುಖದಲ್ಲೇ ಗೊತ್ತಾಗ್ತಿದೆ. ಹಿಂದೆ ಕೂತ್ಕೊಂಡು ಬಿದಿರು ಹಿಡ್ಕೋ. ಜಾರಿದ್ರೆ ಕಷ್ಟ."

ಹರ್ದತ್ ಹಿಂದೆ ಕೂತ. ಮನಸ್ಸು ತೊಳೆದಿಟ್ಟಂತಿತ್ತು. ದಾರಿಯುದ್ದಕ್ಕೂ ಬಾತುಕೋಳಿ ಸಾರಿನ ವಾಸನೆ ಬರುತ್ತಲೇ ಇತ್ತು. ಎಂಥ ಮೋಹ ಇದು, ಬಿಟ್ಟರೂ ಬಿಡದು ಎಂದು ತನ್ನ ಅಂಗಿಯ ತೋಳನ್ನೇ ಮೂಸಿ ಮೂಸಿ ನೋಡಿಕೊಂಡ. ಮನೆಗೆ ಹೋಗಿ ಕಲೌತಿಗೆ ಎಲ್ಲವನ್ನೂ ಹೇಳಿಬಿಡಬೇಕು. ಸುಳ್ಳು ಹೇಳಿದ್ದನ್ನು, ಬಾತುಕೋಳಿ ಬಿಟ್ಟದ್ದನ್ನು, ಕುಂಬಳಕಾಯಿಯಲ್ಲಿ ಅಮ್ಮ ಸಿಕ್ಕಿದ್ದನ್ನು. ಅವಳು ಅಳುತ್ತಾಳೆ, ತಾನೂ ಅಳಬಹುದು.

ಮನೆಯ ಮುಂದೆ ವ್ಯಾನು ನಿಂತಾಗ ಎಲ್ಲರೂ ಅಂಗಳದಲ್ಲಿದ್ದರು. ಎಲ್ಲರ ಮುಖದಲ್ಲೂ ಹಬ್ಬ. ಕಲೌತಿ ಓಡಿಬಂದಳು.

"ನಿಮ್ಮ ಫೋನ್ ಯಾಕೆ ಆಫ್ ಆಗಿತ್ತು? ಹತ್ತು ಸಲ ಮಾಡಿದ್ದೀನಿ. ಪಂಡಿತ್‌ಜೀ ಸೊಸೆಗೆ ಹೆರಿಗೆ ಆಯ್ತಂತೆ, ಗಂಡು. ಪುರುಡು ಕಳೆಯೋವರೆಗೂ ಅವರು ಪೂಜೆಗೆ ಕೂರೋ ಹಾಗಿಲ್ಲ. ನಮ್ಮ ಪೂಜೆ ಎರಡು ವಾರ ಮುಂದಕ್ಕೆ ಹೋಯ್ತು. ಉಪವಾಸ ಇವತ್ತಿಗೆ ಬಿಟ್ಟ ಹಾಗೇ, ಮತ್ತೆ ಪೂಜೆಗೆ ಒಂದು ವಾರ ಇದೆ ಅನ್ನೋವಾಗ ಶುರು." ಅವಳು ಅವನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದಳು. "ಇಡೀ ವಾರ ನಿದ್ದೇಲಿ ಫುಲ್‌ಮತಿ ಮೌಸಿ, ಬಾತುಕೋಳಿ ಅಂತ ಕನವರಿಸಿದ್ದೀರ. ಜಗ್ರೂಪ್ ಆ ಕಡೆಗೇ ಹೋಗಿದ್ದನಲ್ಲ, ಅಂಗಡಿಗೆ ಫೋನ್ ಮಾಡಿ ಮನೆಮಂದಿಗೆಲ್ಲ ಹದಿನಾಲ್ಕು ಹೇಳ್ದೆ. ನಿಮಗೆ ಹೇಳ್ಬೇಡ, ನಾನೇ ಬಡಿಸ್ತೀನಿ ಅಂತ ಅವನಿಗೆ ಹೇಳಿದ್ದೆ."

ಹರ್ದತ್ ಬಿದಿರಿಗೆ ಒರಗಿದ. ಜಗ್ರೂಪ್ ವ್ಯಾನಿನ ಮುಂದಿನ ಸೀಟಿನಿಂದ ದೊಡ್ಡ ಪೆಟ್ಟಿಗೆಯನ್ನು ಇಳಿಸಿದ. ದಾರಿಯುದ್ದಕ್ಕೂ ಬಂದ ವಾಸನೆ ಅಂಗಳವನ್ನೆಲ್ಲ ತುಂಬಿತು. ಹರ್ದತ್‌ನ ಕೈ ತಾನಾಗಿ ಮುಂದೆ ಹೋಯಿತು.

"ಭಾಯ್‌ಗೆ ಯಾಕೆ ಭೌಜಿ?" ಎಂದ ಜಗ್ರೂಪ್. "ಅವನದ್ದು ಆಗಲೇ ಆಯ್ತಲ್ಲ."

"ಏನು ಆಯ್ತು?"

"ನಾನು ಚಾಡಿ ಹೇಳೋನಲ್ಲ. ಆದ್ರೆ ಹಿಂದಿನ ಗೇಟಿಗೆ ಹೋದ್ರೆ ಏನು ನೋಡ್ತೀನಿ, ಭಾಯ್ ಅಡುಗೆಮನೆ ಒಳಗೇ ಮಣೆ ಹಾಕ್ಕೊಂಡು ಕೂತು ಬಾರಿಸ್ತಿದ್ದಾನೆ. ಪೂಜೆ ಮುಂದಕ್ಕೆ ಹೋಗಿದ್ದು ಆಗ ಅವನಿಗೆ ಗೊತ್ತೂ ಇಲ್ಲ."

ಕಲೌತಿ ಗಂಡನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹರ್ದತ್‌ನ ಕೈ ತಾನಾಗಿ ಬಾಯಿ ಒರೆಸಿಕೊಂಡಿತು.

"ಕಲೌತಿ, ನಾನು ತಿಂದದ್ದು ಕುಂಬಳಕಾಯಿ."

"ಕುಂಬಳಕಾಯಿ," ಎಂದ ಜಗ್ರೂಪ್, ಸಮಾಧಾನದ ದನಿಯಲ್ಲಿ. "ಭೌಜಿ, ಅವನು ಅಳ್ತಾ ತಿಂತಿದ್ದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆ ಮುದುಕಿ ಬಾತುಕೋಳಿ ಖಾರಕ್ಕೆ ನಾನೂ ಹಾಗೇ ಅತ್ತಿದ್ದೀನಿ. ಕುಂಬಳಕಾಯಿಗೆ ಯಾರಾದ್ರೂ ಅಳ್ತಾರಾ?"

ಷಡ್ಡಕರು ನಕ್ಕರು. ಅಮ್ಮ, ತಳ ಹಿಡಿದ ಬಾಣಲೆ, ಗರಗರ ಸದ್ದು ಎಲ್ಲವೂ ಹರ್ದತ್‌ನ ಗಂಟಲವರೆಗೆ ಬಂದವು. ಆದರೆ ಹದಿಮೂರು ಜೊತೆ ಕಣ್ಣುಗಳ ಮುಂದೆ ಅವನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ.

"ಹಂಗಾದ್ರೆ ಪೆನಾಲ್ ಬಿದಿರು ನೆಟ್ಟಗಿರುತ್ತೆ ಅಂದಿದ್ದು ಇದಕ್ಕಾ," ಎಂದಳು ಕಲೌತಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಜೀವಕ್ಕೆ ಅಂತ ಹೊತ್ತ ಹರಕೆ. ಇದೊಂದು ದಿನ ತಡೀಲಿಲ್ಲ. ಆಯ್ತು. ನಾವು ಒಂದು ವಾರ ಮಾಡ್ತೀವಿ. ನೀವು ತಪ್ಪು ಮಾಡಿದೋರು, ಈ ಕ್ಷಣದಿಂದ ಪೂರ್ತಿ ಎರಡು ವಾರ. ಈ ಬಿದಿರು ಅಷ್ಟರಲ್ಲಿ ಒಣಗುತ್ತೆ, ಇನ್ನೊಂದು ನಾನೇ ತರಿಸ್ತೀನಿ."

ಎಲ್ಲರಿಗೂ ಎಲೆ ಹಾಕಿದರು. ಹದಿನಾಲ್ಕನೆಯ ರೊಟ್ಟಿ ಹಾಳಾಗಬಾರದೆಂದು ಜಗ್ರೂಪ್‌ನನ್ನು ಕೂರಿಸಿದರು. ಅವನು ಎರಡು ಸಲ ಬೇಡವೆಂದು, ಹರ್ದತ್‌ನ ಎದುರಿಗೇ ಕೂತು, ತೊಡೆಯ ಮೂಳೆಯನ್ನು ಕೈಗೆತ್ತಿಕೊಂಡ. ಕಲೌತಿ ಗಂಡನ ಎಲೆಗೆ ಬೆಳಗ್ಗೆ ತಾನು ಮಾಡಿಟ್ಟಿದ್ದ ಪಲ್ಯ ತಂದು ಬಡಿಸಿದಳು. ಅದೂ ಕುಂಬಳಕಾಯಿಯೇ. ಹಳದಿಯಾಗಿ, ಮೆತ್ತಗೆ, ಎಲ್ಲೂ ತಳ ಹಿಡಿಯದ ಹಾಗೆ ಎಚ್ಚರದಿಂದ ಬೇಯಿಸಿದ್ದು. ಹರ್ದತ್ ಒಂದು ತುತ್ತು ಬಾಯಿಗಿಟ್ಟು, ಸ್ವಲ್ಪ ಕಾದು, ಮೆಲ್ಲಗೆ ಅಗಿದ.

ಜಗ್ರೂಪ್ ಮೂಳೆ ಚೀಪುವುದನ್ನು ನಿಲ್ಲಿಸಿ, ಮುಂದಕ್ಕೆ ಬಗ್ಗಿ ಅವನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿದ.

"ನೋಡಿ ಭೌಜಿ," ಎಂದ. "ಕಣ್ಣಲ್ಲಿ ಒಂದು ಹನಿ ನೀರಿದೆಯಾ?"